ಜಟ್ಟಿಯ ಮೀಸೆ

ಮಹಮ್ಮದ್ ಅಲಿಯ ಎದುರು ಮೈಸೂರಿನ ವಜ್ರಮುಷ್ಟಿ ಜಟ್ಟಿ ನಿಂತಿದ್ದರೆ ಗೆಲುವು ಯಾರದು? ನಮ್ಮ ಡೊಂಬಿವಲಿ ವಾಚನಾಲಯದಲ್ಲಿ ಈ ಚರ್ಚೆ ದೀಪ ಆರಿಸುವವರೆಗೂ ಮುಗಿಯುವುದಿಲ್ಲ. ಅಲಿಯ ಕಾಲದ ದೊಡ್ಡ ಪಂದ್ಯವೆಂದರೆ ಕೈಗೆ ಮೆತ್ತನೆಯ ಗವಸು, ಮೂರು ಮೂರು ನಿಮಿಷದ 15 ಸುತ್ತು. ವಿಜಯದಶಮಿಯಂದು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿಯಲ್ಲಾದರೋ ಬೋಳುತಲೆ, ಮುಷ್ಟಿಯಲ್ಲಿ ಮೊನೆಯುಳ್ಳ ಆಯುಧ. ತಲೆಯಿಂದ ರಕ್ತ ಕಂಡೊಡನೆ ಕಾಳಗ ಮುಗಿಯಿತು. ಇಬ್ಬರಿಗೂ ಒಂದೇ ಕಣ ಹಾಕುವುದು ಹೇಗೆ?

ಅಂಥ ಬೆರಕೆ ಪಂದ್ಯವೂ ಒಮ್ಮೆ ಆದದ್ದುಂಟು. 1976ರ ಜೂನ್ 26ರಂದು ಟೋಕಿಯೋದಲ್ಲಿ ಅಲಿಯೊಡನೆ ಸೆಣಸಿದ ಜಪಾನಿನ ಕುಸ್ತಿಪಟು ಇನೋಕಿ, ಬಹುಹೊತ್ತು ನೆಲಕ್ಕೆ ಬೆನ್ನು ಹಚ್ಚಿಯೇ ಅಲಿಯ ಕಾಲಿಗೆ ಒದೆಯುತ್ತಿದ್ದ. 15 ಸುತ್ತು ಕಳೆದು ಪಂದ್ಯ ಸಮವಾಯಿತು. ಬೆಳಗಾವಿಯ ಮಣ್ಣಿನ ಕಣದಲ್ಲಾಗಿದ್ದರೆ ಮೊದಲ ಸುತ್ತಿಗೇ ‘ಚಿತ್’ ಎಂದು ಎಬ್ಬಿಸಿ ಕಳುಹಿಸುತ್ತಿದ್ದರು!

ಇಲ್ಲಿಂದ ಮಾತು ‘ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎಂಬ ಗಾದೆಗೆ ಹೊರಳಿತು. ಅದು ವಜ್ರಮುಷ್ಟಿಯಿಂದಲೇ ಹುಟ್ಟಿತೆಂದು ಮೈಸೂರು ಕಡೆಯವರ ವಾದ. ನಮಗೆ ಹಾಗೆ ತೋರದು. ಅಲ್ಲಿ ತೀರ್ಪು ರಕ್ತದ್ದು, ಮಣ್ಣಿನದಲ್ಲ. ಜಟ್ಟಿಯೆಂದರೆ ಕನ್ನಡದಲ್ಲಿ ಕುಸ್ತಿಯ ಪೈಲವಾನನೂ ಹೌದು. ಕುಸ್ತಿಯಲ್ಲಿ ಬೋರಲು ಬಿದ್ದವನ ಮೀಸೆ ಮಣ್ಣಾಗುತ್ತದೆ, ಆದರೆ ಅವನಿನ್ನೂ ಸೋತಿಲ್ಲ. ಅಂಗಾತ ಬಿದ್ದವನ ಮೀಸೆ ಚೊಕ್ಕಟ, ಆದರೆ ಅವನು ಸೋತಾಯಿತು. ಆ ಸೋತವನೇ ಮೀಸೆ ತೋರಿಸಿ ಬೀಗುತ್ತಾನೆಂಬುದು ಗಾದೆಯ ಕುಚೋದ್ಯ. ಹೊಗಳಿಕೆಯಂತೂ ಅಲ್ಲ. ಬಡ್ತಿ ತಪ್ಪಿದ ಗುಮಾಸ್ತರೊಬ್ಬರಿಗೆ ಸಮಾಧಾನವೆಂದು ಯಾರೋ ಇದನ್ನೇ ಹೇಳಿದರು. ಅವರು ಎರಡು ವಾರ ವಾಚನಾಲಯದ ಮೆಟ್ಟಿಲು ಹತ್ತಲಿಲ್ಲ.