ಅಪರಾಧವಲ್ಲ, ಸರಿ, ಆಡಳಿತ ಸರಿಯಿತ್ತೇ?

2024ರ ಲೋಕಸಭಾ ಚುನಾವಣೆಯಲ್ಲಿ ನೀಲಗಿರಿ ಮೀಸಲು ಕ್ಷೇತ್ರದ ಮೊದಲೆರಡು ಸ್ಥಾನಗಳಲ್ಲಿ ನಿಂತವರಿಬ್ಬರೂ ವಕೀಲರೇ. ಒಬ್ಬರು ಕೇಂದ್ರದ ಮಾಜಿ ಸಚಿವ, ಡಿಎಂಕೆಯ ಎ. ರಾಜಾ, ಇನ್ನೊಬ್ಬರು ಆಗ ಕೇಂದ್ರದ ರಾಜ್ಯ ಸಚಿವರಾಗಿದ್ದ ಬಿಜೆಪಿಯ ಎಲ್. ಮುರುಗನ್. ಗೆದ್ದ ರಾಜಾ ಪೆರಂಬಲೂರಿನ ಕಡೆಯವರು. 1996ರಲ್ಲಿ ಮೊದಲ ಸಲ ಸಂಸತ್ತಿಗೆ ಹೋದರು. ವಾಜಪೇಯಿ ಸರ್ಕಾರದಲ್ಲಿ ರಾಜ್ಯ ಸಚಿವರಾದರು. ಮನಮೋಹನ್ ಸಿಂಗ್ ಸಂಪುಟದಲ್ಲಿ ಪರಿಸರ ಮತ್ತು ಅರಣ್ಯ, 2007ರಿಂದ ದೂರಸಂಪರ್ಕ ಖಾತೆ ನೋಡಿಕೊಂಡರು. 2009ರಿಂದ ಅವರ ಕ್ಷೇತ್ರ ನೀಲಗಿರಿ. ವಕೀಲನಾಗಿ ಪಳಗಿದ ಬುದ್ಧಿ ಕಟಕಟೆಯಲ್ಲಿ ನೆರವಾದೀತು, ಸಚಿವನ ಕುರ್ಚಿಗೆ ಅಷ್ಟೇ ಸಾಲದು ಎಂಬುದು ಅವರ ರಾಜಕೀಯ ಬದುಕನ್ನು ನೋಡಿದರೆ ತಿಳಿಯುತ್ತದೆ.

2ಜಿ ಪ್ರಕರಣವನ್ನೇ ನೋಡಿ. ತರಂಗಾಂತರ ಹಂಚಿಕೆಯಿಂದ ಬೊಕ್ಕಸಕ್ಕೆ 1.76 ಲಕ್ಷ ಕೋಟಿ ರೂಪಾಯಿವರೆಗೆ ನಷ್ಟವಾಗಿದ್ದಿರಬಹುದೆಂದು ಸಿಎಜಿ ಅಂದಾಜಿಸಿದಾಗ, 2010ರ ನವೆಂಬರ್‌ನಲ್ಲಿ ರಾಜಾ ರಾಜೀನಾಮೆ ಕೊಟ್ಟರು. 2011ರ ಫೆಬ್ರವರಿ 2ರಂದು ಬಂಧನವಾಯಿತು. ಸರಿಯಾಗಿ ಒಂದು ವರ್ಷಕ್ಕೆ, ಅದೇ ದಿನಾಂಕದಂದು, ಸುಪ್ರೀಂ ಕೋರ್ಟು ಅವರ ಕಾಲದ 122 ಲೈಸೆನ್ಸ್‌ಗಳನ್ನು ರದ್ದು ಮಾಡಿತು. ವಿಚಾರಣೆಯಲ್ಲಿ ರಾಜಾ ತಮ್ಮ ಪರ ತಾವೇ ಸಾಕ್ಷಿ ಹೇಳಿದರು; 2017ರ ಡಿಸೆಂಬರ್ 21ರಂದು ವಿಶೇಷ ನ್ಯಾಯಾಧೀಶ ಓ.ಪಿ. ಸೈನಿ ಎಲ್ಲ ಆರೋಪಿಗಳನ್ನೂ ಖುಲಾಸೆಗೊಳಿಸಿದರು. ಎರಡು ತೀರ್ಪುಗಳು ಒಂದಕ್ಕೊಂದು ಎದುರಾಗಿವೆ ಎಂದು ಹಲವರಿಗೆ ಅನಿಸಿತು. ಹಾಗೇನಿಲ್ಲ. ವಿಶೇಷ ನ್ಯಾಯಾಲಯ ಕೇಳಿದ್ದು ಅಪರಾಧ ಸಾಬೀತಾಯಿತೇ ಎಂದು; ಸುಪ್ರೀಂ ಕೋರ್ಟು ನೋಡಿದ್ದು ಸಾರ್ವಜನಿಕ ಸ್ವತ್ತನ್ನು ಹಂಚಿದ ರೀತಿ ನ್ಯಾಯವಾಗಿತ್ತೇ ಎಂದು. ಮೊದಲ ಪ್ರಶ್ನೆಯಲ್ಲಿ ಗೆದ್ದವನು ಎರಡನೆಯದಕ್ಕೂ ಉತ್ತರ ಕೊಟ್ಟಂತಾಗುವುದಿಲ್ಲ.

ಮತದಾರರು 2019ರಲ್ಲೂ 2024ರಲ್ಲೂ ಗೆಲ್ಲಿಸಿದರಲ್ಲ, ಇನ್ನೇನು ಬೇಕು ಎಂದು ಕೇಳಬಹುದು. ಆದರೆ ಆ ಎರಡು ಸಲವೂ ಡಿಎಂಕೆ ಮೈತ್ರಿಕೂಟ ತಮಿಳುನಾಡನ್ನು ಹೆಚ್ಚುಕಡಿಮೆ ಪೂರ್ತಿ ಬಾಚಿಕೊಂಡಿತ್ತು. ಜಯಲಲಿತಾ ಅಲೆಯ 2014ರಲ್ಲಿ ಇದೇ ರಾಜಾ ಇಲ್ಲೇ ಸೋತಿದ್ದರು. ಗೆಲುವಿನಲ್ಲೂ ಸೋಲಿನಲ್ಲೂ ಅಲೆಯ ಪಾಲೇ ದೊಡ್ಡದು. ಸಾಲದ್ದಕ್ಕೆ ಮೆಟ್ಟುಪಾಳಯಂ, ಅವಿನಾಶಿಯಂಥ ಬಯಲು ಸೀಮೆಯೂ ಈ ಕ್ಷೇತ್ರಕ್ಕೇ ಸೇರಿದೆ; ಹಾಗಾಗಿ ಫಲಿತಾಂಶವನ್ನು ಬೆಟ್ಟದ ಜನರ ತೀರ್ಪೆಂದು ಓದುವಂತಿಲ್ಲ.

ಬೆಟ್ಟದ ಮೇಲಿನ ಹಣೆಬರಹವನ್ನಂತೂ ಕೋರ್ಟುಗಳೇ ಬರೆಯುತ್ತ ಬಂದಿವೆ. ಕ್ಷೇತ್ರದ ಬೆಟ್ಟದ ಭಾಗವಾದ ಗೂಡಲೂರಿನ ಜನ್ಮಂ (ವಂಶಪಾರಂಪರ್ಯ ಜಮೀನ್ದಾರಿ) ಭೂಮಿಯ 1969ರ ಕಾಯ್ದೆಯಿಂದ ಹುಟ್ಟಿದ ವ್ಯಾಜ್ಯ ಒಂಬತ್ತು ನ್ಯಾಯಮೂರ್ತಿಗಳ ಪೀಠದವರೆಗೆ ಹೋಗಿ, 2007ರಲ್ಲಿ ಸಂವಿಧಾನದ ಒಂಬತ್ತನೇ ಅನುಸೂಚಿಯ ವ್ಯಾಪ್ತಿಯನ್ನೇ ನಿರ್ಧರಿಸಿತು. ಕಾನೂನು ವಿದ್ಯಾರ್ಥಿಗಳೆಲ್ಲ ಆ ತೀರ್ಪನ್ನು ಓದುತ್ತಾರೆ. ಅದೇ ಕಾಯ್ದೆಯ ‘ಸೆಕ್ಷನ್ 17’ರ (ಒಡೆತನ ಇತ್ಯರ್ಥವಾಗದೆ ಉಳಿದ) ಜಮೀನಿನಲ್ಲಿ ಮನೆ ಕಟ್ಟಿಕೊಂಡವರು ಮಾತ್ರ ಪಟ್ಟಾಕ್ಕೂ ಕರೆಂಟಿಗೂ ಅಲೆದಿದ್ದಾರೆ. ಮಸಿನಗುಡಿಯ ಸುತ್ತಲಿನ ಆನೆದಾರಿಯ ಪ್ರಶ್ನೆಯೂ 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲೇ ತೀರ್ಮಾನವಾಯಿತು. ಭೂಮಿ ರಾಜ್ಯದ ವಿಷಯ, ಸಂಸದನೇನು ಮಾಡಿಯಾನು ಎಂಬ ಆಕ್ಷೇಪ ನ್ಯಾಯವೇ. ಆದರೂ ಅರಣ್ಯ ಖಾತೆ ನಡೆಸಿದ, ಕಾನೂನು ಬಲ್ಲ, ರಾಜ್ಯವನ್ನು ಆಳಿದ ಪಕ್ಷದ ಹಿರಿಯ ನಾಯಕನಿಗೆ ಈ ನೆಪ ಒಪ್ಪುವುದಿಲ್ಲ.

2ಜಿ ಖುಲಾಸೆಯ ವಿರುದ್ಧ ಸಿಬಿಐ ಸಲ್ಲಿಸಿದ ಮೇಲ್ಮನವಿಯನ್ನು ದೆಹಲಿ ಹೈಕೋರ್ಟು 2024ರ ಮಾರ್ಚ್‌ನಲ್ಲಿ ವಿಚಾರಣೆಗೆ ಅಂಗೀಕರಿಸಿತು. ಅದನ್ನು ವಕೀಲರು ನೋಡಿಕೊಳ್ಳಲಿ. ಗೂಡಲೂರಿನ ಮತದಾರ ತನ್ನ ಸಂಸದನನ್ನು ಕೇಳಬೇಕಾದದ್ದು ಸೆಕ್ಷನ್ 17ರ ಬಗ್ಗೆ.