ರಾಳದ ಬೆಳಕಿನಲ್ಲಿ ಅರಗಿನ ಮನೆ

ರಕ್ಕಸ ರಂಗಕ್ಕೆ ಬರುವ ಹೊತ್ತಿಗೆ ಪಕ್ಕದಲ್ಲಿ ನಿಂತವನು ಒಂದು ಹಿಡಿ ರಾಳದ ಪುಡಿಯನ್ನು ಪಂಜಿಗೆ ಎರಚುತ್ತಿದ್ದ. ಬೆಂಕಿ ಭಗ್ಗೆಂದು ಆಳೆತ್ತರ ಏಳುತ್ತಿತ್ತು. ಆ ಬೆಳಕಿನಲ್ಲಿ ಮೊದಲು ಕಾಣುತ್ತಿದ್ದುದು ಹಿಡಿಂಬನ ಕಿರೀಟ, ಆಮೇಲೆ ಭುಜಕೀರ್ತಿ, ಕೊನೆಗೆ ಇಂಗಳೀಕ ಬಳಿದ ಮುಖ. ಅಜ್ಜನ ಕಂಬಳಿಯೊಳಗೆ ಮುದುರಿ ಕೂತ ನಮ್ಮ ನಿದ್ದೆ ಹಾರಿಹೋಗುತ್ತಿತ್ತು. ಹೊಳಲ್ಕೆರೆ ಸೀಮೆಯ ನಮ್ಮ ಹಳ್ಳಿಯ ಮೂಡಲಪಾಯ ಬಯಲಾಟ ಅದು.

ನಾವು ಬಂದು ನೆಲೆಸಿದ ಈ ಪರದೇಶದಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಯಕ್ಷಗಾನ ಎಂದರೆ ಕರಾವಳಿಯ ಚೆಂಡೆ ಮಾತ್ರ ಗೊತ್ತು. ಮೂಡಲಪಾಯವೂ ಯಕ್ಷಗಾನವೇ, ಆದರೆ ಅದು ಚಿತ್ರದುರ್ಗ, ತುಮಕೂರು, ಹಾಸನ, ಮಂಡ್ಯದ ಬಯಲುಸೀಮೆಯದು. ಇದರಲ್ಲಿ ಮದ್ದಳೆ, ತಾಳದ ಜೊತೆಗೆ ಮುಖವೀಣೆ ಇರುತ್ತದೆ. ವೇಷ ಕಟ್ಟುವವರು ಊರಿನ ರೈತರೇ. ಸುಗ್ಗಿ ಮುಗಿದ ಮೇಲೆ ಭಾಗವತರಿಂದ ಪದ, ಮಾತು, ಕುಣಿತ ಕಲಿತು, ಗಣಪತಿ ಸ್ತುತಿಯಿಂದ ಹಿಡಿದು ಬೆಳಗಿನ ಮಂಗಳದವರೆಗೆ ಆಡುತ್ತಾರೆ. ಜೀ.ಶಂ. ಪರಮಶಿವಯ್ಯನವರಂಥ ವಿದ್ವಾಂಸರು ಇದನ್ನು ಅಧ್ಯಯನ ಮಾಡಿ ನಾಡಿಗೆ ಪರಿಚಯಿಸಿದರು. ಈ ಆಟದಲ್ಲಿ ನನಗೆ ಬಲು ಇಷ್ಟವಾದದ್ದು ಸಾರಥಿ. ರಂಗಕ್ಕೆ ಬಂದವರನ್ನು ತಡೆದು, ನೀವು ಯಾರು, ಯಾವ ಊರು, ಬಂದ ಕಾರಣವೇನು ಎಂದು ಅವನು ಕೇಳುತ್ತಾನೆ. ಅರಸನಾದರೂ ಉತ್ತರ ಕೊಟ್ಟೇ ಮುಂದೆ ಹೋಗಬೇಕು.

ಹಿಡಿಂಬ ಬರುವ ಆ ಆಟ ಅರಗಿನ ಮನೆಯದು, ಅದರ ಕಥೆ ನಿಮಗೆಲ್ಲ ತಿಳಿದದ್ದೇ. ಪಾಂಡವರನ್ನು ಸುಟ್ಟು ಕೊಲ್ಲಲು ದುರ್ಯೋಧನ ಸಂಚು ಹೂಡಿದ. ಅವನ ಮಾತಿನಂತೆ ಪುರೋಚನ ವಾರಣಾವತದಲ್ಲಿ ಅರಗು, ತುಪ್ಪ, ರಾಳ ಬೆರೆಸಿ ಅರಮನೆ ಕಟ್ಟಿಸಿದ. ವಿದುರ ಒಗಟಿನ ಮಾತಿನಲ್ಲಿ ಧರ್ಮರಾಯನನ್ನು ಎಚ್ಚರಿಸಿ, ಸುರಂಗ ತೋಡುವವನನ್ನು ಗುಟ್ಟಾಗಿ ಕಳಿಸಿದ. ಕೊನೆಗೆ ಭೀಮನೇ ಮನೆಗೆ ಬೆಂಕಿಯಿಟ್ಟು, ತಾಯಿಯನ್ನೂ ಸೋದರರನ್ನೂ ಹೊತ್ತು ಕಾಡು ಸೇರಿದ.

ಬೂದಿಯಲ್ಲಿ ಪುರೋಚನನದಲ್ಲದೆ ಇನ್ನೂ ಆರು ಹೆಣ ಸಿಕ್ಕವು. ಕುಂತಿ ಕೊಟ್ಟ ಊಟಕ್ಕೆ ಬಂದು, ಕುಡಿದು ಅಲ್ಲೇ ಮಲಗಿದ್ದ ಒಬ್ಬ ಬೇಡತಿ ಮತ್ತು ಅವಳ ಐದು ಮಕ್ಕಳು. ಜನ ಅವರನ್ನೇ ಕುಂತಿ, ಪಾಂಡವರೆಂದು ತಿಳಿದು ಅತ್ತರು. ಆ ತಾಯಿಗೆ ಕಥೆಯಲ್ಲಿ ಹೆಸರೇ ಇಲ್ಲ.

ಅರಮನೆಯವರು ಸುಡಲು ಹೊರಟ ಪಾಂಡವರಿಗೆ ಆಸರೆಯಾದದ್ದು ಕಾಡು. ಅಲ್ಲಿ ಹಿಡಿಂಬ ಭೀಮನ ಕೈಯಲ್ಲಿ ಸತ್ತ, ಅವನ ತಂಗಿ ಭೀಮನ ಕೈಹಿಡಿದಳು, ಘಟೋತ್ಕಚ ಹುಟ್ಟಿದ. ಆ ಕಾಡು ನಮ್ಮ ದುರ್ಗ, ಅಂದರೆ ಚಿತ್ರದುರ್ಗವೇ ಎಂದು ಊರಿನವರ ನಂಬಿಕೆ. ಏಳು ಸುತ್ತಿನ ಕೋಟೆಯೊಳಗೆ ಹಿಡಿಂಬೇಶ್ವರನ ಗುಡಿಯಿದೆ. ಅಲ್ಲಿ ಹಿಡಿಂಬನ ಹಲ್ಲು ಎನ್ನುವ ಮೂಳೆಯ ತುಂಡೂ, 6 ಅಡಿ ಎತ್ತರ, 10 ಅಡಿ ಸುತ್ತಳತೆಯ, ಕಬ್ಬಿಣದ ತಗಡಿನ ಭೀಮನ ಭೇರಿಯೂ ಇವೆಯೆಂದು ಹಳೆಯ ಗೆಜೆಟಿಯರ್ ದಾಖಲಿಸಿದೆ. ಚಂದ್ರವಳ್ಳಿಯ ಬಳಿ ಪಾಂಡವರು ಸ್ಥಾಪಿಸಿದರೆಂದು ಹೇಳುವ ಪಂಚಲಿಂಗಗಳಿವೆ, ಅಲ್ಲಿಯ ಹೊಯ್ಸಳರ ಶಾಸನ 1286ರದು. ಗೆದ್ದ ಭೀಮನನ್ನು ನೆನೆಯುವ ನಮ್ಮ ಜನ ಸೋತ ರಕ್ಕಸನ ಹೆಸರಿನಲ್ಲಿ ಗುಡಿ ಕಟ್ಟಿ ಕೈಮುಗಿದರು. ಹಿಡಿಂಬ ಪರವೂರಿನವನಲ್ಲ, ಈ ಕಲ್ಲುಬಂಡೆಗಳ ಒಡೆಯ. ಅವನು ಬರುವಾಗ ರಾಳ ಎರಚುವುದು ಆ ಒಡೆತನಕ್ಕೆ ಸಲ್ಲುವ ಗೌರವ. ಅರಮನೆಯವರು ಕೊಲೆಗೆ ಬಳಸಿದ ರಾಳವನ್ನು ನಮ್ಮ ಹಳ್ಳಿಯವರು ಅವನ ಮುಖಕ್ಕೆ ಬೆಳಕಾಗಿ ಹಿಡಿದರು.

ಅರಮನೆಯ ದ್ರೋಹ ದುರ್ಗಕ್ಕೆ ಪುರಾಣದ ಮಾತಷ್ಟೇ ಅಲ್ಲ. ನಾಯಕ ಅರಸರ ಕಾಲದ ದಳವಾಯಿ ಮುದ್ದಣ್ಣನ ಸಂಚು, ಅದರ ರಕ್ತಪಾತ ಎಂಥದೆಂದು ಕಾದಂಬರಿಕಾರ ತ.ರಾ.ಸು. ಅವರ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಓದಿದವರಿಗೆ ಗೊತ್ತು. ಈ ಕೋಟೆಯನ್ನು ಕಟ್ಟಿ ಬೆಳೆಸಿ ಆಳಿದವರು ಬೇಡ ನಾಯಕರು. ಅಂಥ ನೆಲದವರಾದ ನಾವು ಆ ಬೇಡತಿಯನ್ನು ಮರೆಯಬಾರದು.

ನಮ್ಮ ಮಕ್ಕಳು ಮುಂದೆ ಇಲ್ಲಿನ ವೇದಿಕೆಯಲ್ಲಿ ಅರಗಿನ ಮನೆಯನ್ನು ಆಡಿದರೆ ಅವಳನ್ನೂ ಐದು ಮಕ್ಕಳನ್ನೂ ರಂಗಕ್ಕೆ ಕರೆತನ್ನಿ. ಸಾರಥಿ ಅವಳನ್ನೂ ಕೇಳಲಿ: ತಾಯಿ, ನೀವು ಯಾರು, ಯಾವ ಊರು?

ರಜೆಗೆ ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಹೋದಾಗ ಮಕ್ಕಳನ್ನು ಕೋಟೆ ಹತ್ತಿಸಿ, ಹಿಡಿಂಬೇಶ್ವರನ ಮುಂದೆ ಕೂರಿಸಿ ಈ ಕಥೆ ಹೇಳಿ. ಸುತ್ತಮುತ್ತ ಎಲ್ಲಾದರೂ ಬಯಲಾಟವಿದ್ದರೆ ಬೆಳಗಿನವರೆಗೆ ಕೂತು ನೋಡಿ, ಮೇಳಕ್ಕೆ ಕೈಲಾದ ಕಾಣಿಕೆ ಕೊಟ್ಟು ಬನ್ನಿ. ನೋಡುವವರಿದ್ದರೆ ಆಡುವವರು ಉಳಿಯುತ್ತಾರೆ.