ಮಾತನಾಡದ ತಪ್ಪು

ದಾವಣಗೆರೆಯಿಂದ ಸುಮಾರು 14 ಕಿಲೋಮೀಟರು ದೂರದಲ್ಲಿ, ತುಂಗಭದ್ರೆಯ ದಡದಲ್ಲಿ ಹರಿಹರವಿದೆ. 13ನೆಯ ಶತಮಾನದ ಹರಿಹರೇಶ್ವರ ದೇವಾಲಯದಿಂದ ಹೆಸರಾದ ಈ ಊರಿಗೆ 1941ರಲ್ಲಿ ಮತ್ತೊಂದು ಹೆಸರು ಬಂದಿತು. ಆ ವರ್ಷ ಅಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಯಿತು. ಅಲ್ಲಿ ತಯಾರಾದ ಲೇತುಗಳು ದೇಶದ ನಾನಾ ಭಾಗಗಳ ಕಾರ್ಖಾನೆಗಳಿಗೂ ತರಬೇತಿ ಶಾಲೆಗಳಿಗೂ ಹೋದವು. ಆ ಕಾರ್ಖಾನೆ ಈಗ ಇಲ್ಲ. ಆದರೆ ಅದರ ಲೇತುಗಳು ಕೆಲವು ವರ್ಕ್‌ಷಾಪುಗಳಲ್ಲಿ ಇಂದಿಗೂ ತಿರುಗುತ್ತಿವೆ.

ಲೇತಿನೊಡನೆ ದುಡಿದವರಿಗೆಲ್ಲ ಗೊತ್ತಿರುವ ಒಂದು ನಿಯಮವಿದೆ. ಲೇತನ್ನು ಒಂದು ಶೆಡ್ಡಿನಿಂದ ಇನ್ನೊಂದು ಶೆಡ್ಡಿಗೆ ಸಾಗಿಸಿದರೆ, ಹೊಸ ನೆಲದ ಮೇಲೆ ಅದನ್ನು ಮಟ್ಟವಿಟ್ಟು ನಿಲ್ಲಿಸದೆ ಕೆಲಸಕ್ಕೆ ಹಚ್ಚಬಾರದು. ನೆಲ ಒಂದಿಷ್ಟು ಓರೆಯಾಗಿದ್ದರೂ ಯಂತ್ರದ ಭಾರವಾದ ಬೆಡ್ಡು ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ. ಮೋಟಾರು ಎಂದಿನಂತೆಯೇ ತಿರುಗುತ್ತದೆ, ಉಳಿಯು ಕಬ್ಬಿಣವನ್ನು ಹೆರೆಯುತ್ತದೆ, ಸದ್ದಿನಲ್ಲಿಯೂ ಯಾವ ವ್ಯತ್ಯಾಸವಿರುವುದಿಲ್ಲ. ಆದರೆ ಸಮವಾಗಿ ಬರಬೇಕಾಗಿದ್ದ ಸಲಾಕೆ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ಸಣ್ಣ ಆಗಿರುತ್ತದೆ. ಬರಿಗಣ್ಣಿಗೆ ಇದು ಕಾಣದು. ಆದುದರಿಂದ ಜಾಣ ಕೆಲಸಗಾರನು ಮೊದಲು ಒಂದು ಪರೀಕ್ಷಾ ಸಲಾಕೆಯನ್ನು ಹೆರೆದು, ಎರಡೂ ತುದಿಗಳನ್ನು ಮೈಕ್ರೋಮೀಟರಿನಿಂದ ಅಳೆದು ನೋಡುತ್ತಾನೆ. ಯಂತ್ರ ನಿಂತುಹೋದರೆ ಅವನಿಗೆ ಅಷ್ಟು ಭಯವಿಲ್ಲ. ತಿರುಗುತ್ತಲೇ ತಪ್ಪು ಮಾಡುವ ಯಂತ್ರದ ಭಯವೇ ಹೆಚ್ಚು.

ಲೇತಿನ ಈ ಮಾತು ಇಂದು ಗಣಕಯಂತ್ರಕ್ಕೂ ಸಲ್ಲುತ್ತದೆ. ವಿಜ್ಞಾನದ ಲೆಕ್ಕಗಳನ್ನು ಮಾಡುವ ಪ್ರೋಗ್ರಾಂಗಳನ್ನು ಒಂದು ಕಾರ್ಯಾಚರಣ ವ್ಯವಸ್ಥೆಯಿಂದ ಇನ್ನೊಂದಕ್ಕೆ ಸಾಗಿಸುವುದೂ ಲೇತನ್ನು ಬೇರೆ ನೆಲಕ್ಕೆ ಸಾಗಿಸಿದಂತೆಯೇ. ಗಣಕಯಂತ್ರದ ಮಿದುಳು, ಸ್ಮೃತಿ, ಪರದೆ, ಕೀಲಿಮಣೆ ಇವೆಲ್ಲವನ್ನೂ ನಿರ್ವಹಿಸಿ, ಇತರ ಪ್ರೋಗ್ರಾಂಗಳಿಗೆ ನಿಲ್ಲಲು ನೆಲೆ ಒದಗಿಸುವ ಮೂಲ ತಂತ್ರಾಂಶವೇ ಕಾರ್ಯಾಚರಣ ವ್ಯವಸ್ಥೆ. ಮನೆಗಳಲ್ಲಿಯೂ ಕಚೇರಿಗಳಲ್ಲಿಯೂ ಹೆಚ್ಚಾಗಿ ಕಾಣುವುದು ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್. ಇನ್ನೊಂದು ಲಿನಕ್ಸ್. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಇದರ ತಿರುಳನ್ನು ಬರೆದನು. ಅಮೆರಿಕೆಯ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ್ದ ಗ್ನು ಯೋಜನೆಯ ಸಾಧನಗಳು ಆ ತಿರುಳಿಗೆ ಜೊತೆಗೂಡಿದವು. ಇದನ್ನು ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ಕೇರಳದ ಸರ್ಕಾರಿ ಶಾಲೆಗಳು ಲಿನಕ್ಸನ್ನೇ ಆರಿಸಿಕೊಂಡುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಅದರಲ್ಲಿಯೇ ಗಣಕದ ಪಾಠಗಳನ್ನು ಕಲಿಯುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕಾರ್ಯಾರಂಭ ಮಾಡಿದ ಪರಮ್ ಪ್ರವೇಗ ಎಂಬ ಮಹಾಗಣಕವು ನಡೆಯುವುದೂ ಲಿನಕ್ಸಿನಿಂದಲೇ. ಜಗತ್ತಿನ ಅತ್ಯಂತ ವೇಗದ 500 ಮಹಾಗಣಕಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದೀಚೆಗೆ ಬೇರೆ ವ್ಯವಸ್ಥೆಯ ಸುಳಿವೇ ಇಲ್ಲ.

ದಾವಣಗೆರೆ ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಊರು. ಈಗ ವಿದ್ಯೆಯ ಊರು. ಇಂದು ಯೂನಿವರ್ಸಿಟಿ ಬಿ.ಡಿ.ಟಿ. ಎಂದು ಕರೆಯಲ್ಪಡುವ ಎಂಜಿನಿಯರಿಂಗ್ ಕಾಲೇಜು ಇಲ್ಲಿ 1951ರಲ್ಲಿಯೂ, ಬಾಪೂಜಿ ಎಂಜಿನಿಯರಿಂಗ್ ಕಾಲೇಜು 1979ರಲ್ಲಿಯೂ, ದಾವಣಗೆರೆ ವಿಶ್ವವಿದ್ಯಾಲಯ 2009ರಲ್ಲಿಯೂ ಆರಂಭವಾದವು. ಇಂತಹ ಊರುಗಳ ವಿದ್ಯಾರ್ಥಿಗಳಿಗೆ ವ್ಯವಸ್ಥೆ ಬದಲಾಯಿಸುವ ಪ್ರಶ್ನೆ ಈಗ ಹತ್ತಿರದ್ದಾಗಿದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ ನಿಂತಿತು. ಅದರ ಮುಂದಿನ ವಿಂಡೋಸ್ 11ನ್ನು ಹಳೆಯ ಯಂತ್ರಗಳಲ್ಲಿ ಅನೇಕವು ಹೊರಲಾರವು. ಗಟ್ಟಿಮುಟ್ಟಾದ ಯಂತ್ರವನ್ನು ಗುಜರಿಗೆ ಹಾಕುವುದಕ್ಕಿಂತ ಅದರಲ್ಲಿ ಲಿನಕ್ಸನ್ನು ಸ್ಥಾಪಿಸುವುದೇ ಲೇಸು ಎಂದು ಯೋಚಿಸುವವರು ಇರುವುದು ಸಹಜ. ಸೈಲ್ಯಾಬ್, ಆಕ್ಟೇವ್, ಪೈಥಾನ್ ಮೊದಲಾದ ವೈಜ್ಞಾನಿಕ ತಂತ್ರಾಂಶಗಳು ಎರಡು ಕಡೆಯೂ ಬೆಲೆಯಿಲ್ಲದೆ ದೊರೆಯುತ್ತವೆ. ಹಾಗಿದ್ದ ಮೇಲೆ ತೊಡಕೆಲ್ಲಿ?

ತೊಡಕುಗಳಲ್ಲಿ ಒಂದು ಬಗೆಯವು ಕೂಗಿ ಹೇಳುವಂಥವು. ವಿಂಡೋಸಿನಲ್ಲಿ ಚೆನ್ನಾಗಿ ನಡೆಯುತ್ತಿದ್ದ ಪ್ರೋಗ್ರಾಂ ಲಿನಕ್ಸಿನಲ್ಲಿ ಥಟ್ಟನೆ ನಿಂತು, ಪರದೆಯ ಮೇಲೆ ನಾಲ್ಕಾರು ಸಾಲು ಇಂಗ್ಲಿಷನ್ನು ಚೆಲ್ಲುತ್ತದೆ. ವಿದ್ಯಾರ್ಥಿ ಗಾಬರಿಯಾಗಿ ಯಂತ್ರ ಕೆಟ್ಟಿತೆಂದು ತಿಳಿಯುತ್ತಾನೆ. ಇನ್ನು ಕೆಲವರು ಆ ಸಾಲುಗಳನ್ನು ಓದುವ ಗೋಜಿಗೇ ಹೋಗದೆ, ಯಾರೋ ಎಲ್ಲಿಯೋ ಹೇಳಿದ ಆಜ್ಞೆಗಳನ್ನು ಒಂದರ ಮೇಲೊಂದು ಕೊಡತೊಡಗುತ್ತಾರೆ. ಇದು ಪಕ್ಕದ ಮನೆಯವರ ಔಷಧಿಯನ್ನು ಕುಡಿದಂತೆ. ಸಂದೇಶವನ್ನು ನಿಧಾನವಾಗಿ ಓದಿದರೆ ಅದರಲ್ಲಿಯೇ ರೋಗದ ಹೆಸರಿರುತ್ತದೆ.

ಅತಿ ಸಾಮಾನ್ಯವಾದ ರೋಗವೆಂದರೆ ಹೆಸರಿನದು. ಇಂಗ್ಲಿಷಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವುಂಟು. ಫೈಲಿನ ಹೆಸರಿನಲ್ಲಿ ವಿಂಡೋಸ್ ಸಾಮಾನ್ಯವಾಗಿ ಈ ಭೇದವನ್ನು ಎಣಿಸುವುದಿಲ್ಲ, ಲಿನಕ್ಸ್ ಎಣಿಸುತ್ತದೆ. ‘ಡೇಟಾ’ ಎಂಬ ಹೆಸರಿನ ಮೊದಲಕ್ಷರವನ್ನು ಒಂದೆಡೆ ದೊಡ್ಡದಾಗಿ, ಇನ್ನೊಂದೆಡೆ ಚಿಕ್ಕದಾಗಿ ಬರೆದರೆ ಲಿನಕ್ಸಿಗೆ ಅವು ಎರಡು ಬೇರೆ ಫೈಲುಗಳು. ದೊಡ್ಡಕ್ಷರ ಚಿಕ್ಕಕ್ಷರಗಳಿಲ್ಲದ ನುಡಿಯಲ್ಲಿ ಬೆಳೆದ ನಮಗೆ ಈ ವ್ಯತ್ಯಾಸ ಬೇಗ ಕಣ್ಣಿಗೆ ಬೀಳದಿರುವುದು ಆಶ್ಚರ್ಯವಲ್ಲ.

ಇದಕ್ಕಿಂತ ಸ್ವಾರಸ್ಯವಾದ ಒಂದು ತೊಡಕುಂಟು. ಫೈಲು ಕಣ್ಣೆದುರಿಗೇ ಇರುತ್ತದೆ. ಅದನ್ನು ನಡೆಸಹೋದರೆ ‘ಅಂತಹ ಫೈಲು ಇಲ್ಲ’ ಎಂಬ ಉತ್ತರ ಬರುತ್ತದೆ! ಇದರ ಬೇರು ಹಳೆಯ ಟೆಲಿಪ್ರಿಂಟರುಗಳ ಕಾಲದ್ದು. ಆ ಯಂತ್ರಗಳಲ್ಲಿ ಒಂದು ಸಾಲು ಮುಗಿದಾಗ ಎರಡು ಕೆಲಸಗಳಾಗಬೇಕಿತ್ತು: ಅಚ್ಚುಮಾಡುವ ಭಾಗ ಎಡತುದಿಗೆ ಮರಳಬೇಕು, ಕಾಗದ ಒಂದು ಸಾಲು ಮೇಲಕ್ಕೆ ಸರಿಯಬೇಕು. ಇವೆರಡಕ್ಕೂ ಬೇರೆ ಬೇರೆ ಸಂಕೇತಗಳಿದ್ದವು. ವಿಂಡೋಸ್ ಇಂದಿಗೂ ಸಾಲಿನ ಕೊನೆಯಲ್ಲಿ ಈ ಎರಡು ಅದೃಶ್ಯ ಸಂಕೇತಗಳನ್ನು ಬರೆಯುತ್ತದೆ. ಲಿನಕ್ಸ್ ಎರಡನೆಯದೊಂದೇ ಸಾಕೆನ್ನುತ್ತದೆ. ಕೆಲವು ಪ್ರೋಗ್ರಾಂಗಳ ಮೊದಲ ಸಾಲಿನಲ್ಲಿ, ಈ ಫೈಲನ್ನು ಓದಿ ನಡೆಸಬೇಕಾದ ತಂತ್ರಾಂಶ ಯಾವುದೆಂಬ ಸೂಚನೆಯಿರುತ್ತದೆ. ಆ ಸಾಲಿನ ಬಾಲಕ್ಕೆ ವಿಂಡೋಸಿನ ಹೆಚ್ಚುವರಿ ಸಂಕೇತ ಅಂಟಿಕೊಂಡು ಬಂದಿದ್ದರೆ, ಲಿನಕ್ಸ್ ಅದನ್ನೂ ಹೆಸರಿನ ಭಾಗವೆಂದೇ ಎಣಿಸಿ, ಆ ಬಾಲವುಳ್ಳ ತಂತ್ರಾಂಶವನ್ನು ಹುಡುಕುತ್ತದೆ. ಅಂಥದ್ದೊಂದು ಎಲ್ಲಿಯೂ ಇಲ್ಲ. ಯಂತ್ರ ಹೇಳಿದ್ದು ಸತ್ಯವೇ. ಆದರೆ ಅದು ಹೇಳಿದ್ದು ನಮ್ಮ ಫೈಲಿನ ವಿಷಯವಲ್ಲ.

ಲೈಬ್ರರಿಗಳ ಕೊರತೆ ಇನ್ನೊಂದು. ನಮ್ಮ ಹಳ್ಳಿಗಳಲ್ಲಿ ಮದುವೆಗೆ ಬೇಕಾಗುವ ಕೊಪ್ಪರಿಗೆಗಳನ್ನು ಪ್ರತಿಯೊಂದು ಮನೆಯವರೂ ಕೊಂಡಿಡುವುದಿಲ್ಲ. ಗುಡಿಯಲ್ಲಿಯೋ ಸಮುದಾಯ ಭವನದಲ್ಲಿಯೋ ಇರುವುದನ್ನು ತಂದು ಬಳಸುತ್ತಾರೆ. ಅದರಂತೆ ಗುಣಾಕಾರ, ಚಿತ್ರರಚನೆ, ಸಮೀಕರಣಗಳ ಬಿಡಿಸುವಿಕೆ ಮುಂತಾದ ಸಾಮಾನ್ಯ ಕೆಲಸಗಳ ತಂತ್ರಾಂಶಭಾಗಗಳನ್ನು ಒಂದೆಡೆ ಇಟ್ಟಿರುತ್ತಾರೆ. ಇವೇ ಲೈಬ್ರರಿಗಳು. ಪ್ರೋಗ್ರಾಂ ಹೊಸ ಊರಿಗೆ ಬಂದಾಗ, ತನಗೆ ಬೇಕಾದ ಕೊಪ್ಪರಿಗೆ ಅಲ್ಲಿ ಇಲ್ಲದೆ ಹೋದರೆ, ಅಥವಾ ಬೇರೆ ಅಳತೆಯದಿದ್ದರೆ, ಅಡುಗೆ ಸಾಗದು. ಯಾವ ಲೈಬ್ರರಿ ದೊರೆಯಲಿಲ್ಲವೆಂಬುದನ್ನು ಸಂದೇಶ ಹೆಸರಿಟ್ಟು ಹೇಳುತ್ತದೆ. ‘ಎಲ್‌ಡಿಡಿ’ ಎಂಬ ಆಜ್ಞೆ ಕೊಟ್ಟರೆ ಬೇಕಾದವುಗಳ ಪಟ್ಟಿಯನ್ನೇ ಮುಂದಿಡುತ್ತದೆ. ಇನ್ನು ‘ಅನುಮತಿಯಿಲ್ಲ’ ಎಂಬ ಸಂದೇಶವಂತೂ ಸುಲಭದ್ದು: ಆ ಫೈಲಿಗೆ ನಡೆಯುವ ಅಧಿಕಾರವನ್ನು ಕೊಟ್ಟರಾಯಿತು. ಅದೊಂದಕ್ಕಾಗಿ ಇಡೀ ಯಂತ್ರದ ಯಜಮಾನಿಕೆಯನ್ನು ವಹಿಸಿಕೊಂಡು ಕೆಲಸ ಮಾಡುವುದು ಅವಿವೇಕ.

ಇಂತಹ ದೋಷಗಳನ್ನು ತಿದ್ದುವಾಗ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ, ಬದಲಾಯಿಸಿದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು. ಇಂಗ್ಲಿಷಿನ ಅಂಜಿಕೆಯುಳ್ಳವರಿಗೆ ಮುಂಬಯಿಯ ಐ.ಐ.ಟಿ.ಯವರು ಸಿದ್ಧಪಡಿಸಿದ ಧ್ವನಿಪಾಠಗಳು ಕನ್ನಡದಲ್ಲಿಯೂ ಉಂಟು. ಕೂಗುವ ದೋಷಗಳ ಬಗ್ಗೆ ಇಷ್ಟು ಸಾಕು.

ಹೆಚ್ಚು ಯೋಚಿಸಬೇಕಾದದ್ದು ಕೂಗದ ದೋಷಗಳ ಬಗ್ಗೆ. ಹರಿಹರದ ಬಳಿ ತುಂಗಭದ್ರೆಯ ನೀರು ಬೆಳಿಗ್ಗೆ 7 ಮೀಟರು, ಸಂಜೆ 8 ಮೀಟರು ಇದ್ದಿತೆಂದು ಊಹಿಸೋಣ. ಸರಾಸರಿಗಾಗಿ 15ನ್ನು 2ರಿಂದ ಭಾಗಿಸಬೇಕು. ಪೈಥಾನ್ ಭಾಷೆಯ ಹಳೆಯ ಎರಡನೆಯ ಆವೃತ್ತಿಯು ಪೂರ್ಣಸಂಖ್ಯೆಗಳನ್ನು ಭಾಗಿಸಿದಾಗ ಭಿನ್ನಭಾಗವನ್ನು ಕೈಬಿಟ್ಟು 7 ಎನ್ನುತ್ತಿತ್ತು. ಮೂರನೆಯ ಆವೃತ್ತಿ 7.5 ಎನ್ನುತ್ತದೆ. 2020ರ ಜನವರಿ 1ರಿಂದ ಎರಡನೆಯ ಆವೃತ್ತಿಯ ಪೋಷಣೆ ನಿಂತಿದ್ದು, ಇಂದಿನ ಲಿನಕ್ಸಿನ ಜೊತೆಗೆ ಬರುವುದು ಮೂರನೆಯದು. ಹಳೆಯ ಯಂತ್ರದಲ್ಲಿ ಬಂದ ಉತ್ತರ ಹೊಸದರಲ್ಲಿ ಬಾರದಿದ್ದರೆ ಹೊಸದನ್ನೇ ದೂರುವುದು ಲೋಕರೂಢಿ. ಇಲ್ಲಿ ತಪ್ಪಿದ್ದುದು ಹಳೆಯದು; ಅದು ವರ್ಷಗಟ್ಟಲೆ ಸುಮ್ಮನೆ ತಪ್ಪುತ್ತಿತ್ತು.

ಇಂತಹ ಮೌನದೋಷದ ಪ್ರಸಿದ್ಧ ನಿದರ್ಶನ ಹವಾಯಿ ವಿಶ್ವವಿದ್ಯಾಲಯದ್ದು. ಅಲ್ಲಿ ರಸಾಯನಶಾಸ್ತ್ರಜ್ಞ ಫಿಲಿಪ್ ವಿಲಿಯಮ್ಸ್ ಅವರ ತಂಡ ಸೈನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳಿಂದ ದೊರೆತ ವಸ್ತುವೊಂದನ್ನು ಅಭ್ಯಸಿಸುತ್ತಿತ್ತು. ಅಣುವಿನ ರಚನೆಯನ್ನು ಗುರುತಿಸಲು, 2014ರಲ್ಲಿ ಅಮೆರಿಕೆಯ ವಿಲ್ಲೋಬಿ, ಹೋಯ್ ಮೊದಲಾದವರು ಪ್ರಕಟಿಸಿದ್ದ ಪೈಥಾನ್ ಪ್ರೋಗ್ರಾಂಗಳನ್ನು ಅವರು ಬಳಸಿದರು. ವಿದ್ಯಾರ್ಥಿಯೊಬ್ಬ ಅದೇ ಫೈಲುಗಳನ್ನು ಕೊಟ್ಟು ಲೆಕ್ಕವನ್ನು ಮತ್ತೊಮ್ಮೆ ಮಾಡಿ ನೋಡಿದಾಗ ಉತ್ತರ ಹೊಂದಲಿಲ್ಲ. ಬೇರೆ ಬೇರೆ ವ್ಯವಸ್ಥೆಗಳಲ್ಲಿ ಪರೀಕ್ಷಿಸಿದರು. ವಿಂಡೋಸ್ 10ರಲ್ಲಿ 173.2 ಎಂದು ಬಂದ ಬೆಲೆ ಲಿನಕ್ಸಿನ ಉಬುಂಟು 16ರಲ್ಲಿ 172.4 ಎಂದು ಬಂದಿತು! ಎಲ್ಲಿಯೂ ಪ್ರೋಗ್ರಾಂ ನಿಲ್ಲಲಿಲ್ಲ; ಒಂದು ಸಾಲಿನ ದೋಷಸಂದೇಶವೂ ಬರಲಿಲ್ಲ.

ಕಾರಣ ತಿಳಿದರೆ ನಗು ಬಂದೀತು. ತರಗತಿಯ ಅಧ್ಯಾಪಕರು ಹಾಜರಿ ಪುಸ್ತಕದಲ್ಲಿರುವ ಹೆಸರುಗಳ ಮುಂದೆ, ಉತ್ತರಪತ್ರಿಕೆಗಳ ಕಟ್ಟಿನಿಂದ ಒಂದೊಂದಾಗಿ ಅಂಕಗಳನ್ನು ಬರೆಯುತ್ತಾರೆಂದು ಭಾವಿಸಿರಿ. ಎರಡೂ ಒಂದೇ ಕ್ರಮದಲ್ಲಿದ್ದರೆ ಸರಿ. ಕಟ್ಟಿನ ಕ್ರಮ ಬದಲಾಗಿದ್ದರೆ ರಾಮನ ಅಂಕ ಭೀಮನಿಗೆ ಹೋಗುತ್ತದೆ. ಆದರೂ ಪಟ್ಟಿ ನೋಡಲು ಸರಿಯಾಗಿಯೇ ಇರುತ್ತದೆ, ತರಗತಿಯ ಒಟ್ಟು ಮೊತ್ತವೂ ತಾಳೆಯಾಗುತ್ತದೆ. ಆ ಪ್ರೋಗ್ರಾಂ ಕೂಡ ಎರಡು ಬಗೆಯ ಫೈಲುಗಳನ್ನು ಫೋಲ್ಡರಿನಿಂದ ತೆಗೆದು ಜೋಡಿಸುತ್ತಿತ್ತು. ಅವು ಒಂದೇ ಕ್ರಮದಲ್ಲಿ ಬರುತ್ತವೆಂದು ನಂಬಿತ್ತು. ವಿಂಡೋಸಿನಲ್ಲಿ ಆ ನಂಬಿಕೆ ನಡೆಯಿತು. ಲಿನಕ್ಸ್ ಅಂತಹ ಮಾತನ್ನು ಯಾರಿಗೂ ಕೊಟ್ಟಿರಲಿಲ್ಲ; ಕ್ರಮ ಹೇಗಾದರೂ ಇರಬಹುದೆಂದು ಪೈಥಾನಿನ ಕೈಪಿಡಿಯೇ ಹೇಳುತ್ತದೆ. ಫೈಲುಗಳನ್ನು ಓದುವ ಮೊದಲು ಹೆಸರಿನ ಅನುಕ್ರಮದಲ್ಲಿ ಇಡಬೇಕೆಂಬ ಒಂದು ಸಣ್ಣ ಸೂಚನೆ ಸೇರಿಸಿದ್ದರಿಂದ ದೋಷ ನೀಗಿತು. 2019ರಲ್ಲಿ ಹವಾಯಿಯ ತಂಡ ಇದನ್ನು ಪ್ರಕಟಿಸಿದಾಗ, ಈ ಪ್ರೋಗ್ರಾಂಗಳನ್ನು ನಂಬಿದ್ದ ನೂರಕ್ಕೂ ಹೆಚ್ಚು ಸಂಶೋಧನ ಪ್ರಬಂಧಗಳನ್ನು ಮತ್ತೆ ಪರಿಶೀಲಿಸಬೇಕಾದೀತೆಂಬ ಮಾತು ಕೇಳಿಬಂದಿತು.

ಎರಡು ಯಂತ್ರಗಳ ಉತ್ತರಗಳಲ್ಲಿ ವ್ಯತ್ಯಾಸ ಕಂಡ ಮಾತ್ರಕ್ಕೆ ದೋಷವಿದೆಯೆಂದು ತಿಳಿಯಬೇಕಾಗಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಗಣಕಯಂತ್ರ ದಶಮಾಂಶಗಳನ್ನು ದ್ವಿಮಾನ ಪದ್ಧತಿಯಲ್ಲಿ ಇಟ್ಟುಕೊಳ್ಳುವುದರಿಂದ 0.1 ಮತ್ತು 0.2ನ್ನು ಕೂಡಿಸಿದರೂ 0.30000000000000004 ಎಂದೀತು. ಲೈಬ್ರರಿ ಬದಲಾದಾಗ ಹದಿನೈದು ಹದಿನಾರನೆಯ ಅಂಕಿಯಲ್ಲಿ ಇಂತಹ ಏರುಪೇರು ಸಾಮಾನ್ಯ. ಆದರೆ 173.2 ಎಲ್ಲಿ, 172.4 ಎಲ್ಲಿ! ಇದು ಮೂರನೆಯ ಅಂಕಿಯಲ್ಲಿಯೇ ಕಾಣುವ ಅಂತರ. ಯಾವ ಅಂಕಿಯಲ್ಲಿ ವ್ಯತ್ಯಾಸ ಬಂದಿದೆಯೆಂದು ನೋಡುವ ಕಣ್ಣು ಇರಬೇಕು.

ಹಾಗಾದರೆ ಗಣಕದ ಪರೀಕ್ಷಾ ಸಲಾಕೆ ಯಾವುದು? ಉತ್ತರ ಮೊದಲೇ ಗೊತ್ತಿರುವ ಲೆಕ್ಕ. ಒಂದು ಮೀಟರು ಉದ್ದದ ಸರಳ ಲೋಲಕದ ಆವರ್ತಕಾಲವನ್ನು, ಗುರುತ್ವ ವೇಗೋತ್ಕರ್ಷ 9.8 ಎಂದಿಟ್ಟುಕೊಂಡು, ಪ್ರೌಢಶಾಲೆಯ ವಿದ್ಯಾರ್ಥಿಯೂ ಕಾಗದದ ಮೇಲೆ ಕಂಡುಹಿಡಿಯಬಲ್ಲ: ಸುಮಾರು 2.007 ಸೆಕೆಂಡು. ಹೊಸದಾಗಿ ಸ್ಥಾಪಿಸಿದ ತಂತ್ರಾಂಶವೂ ಅಷ್ಟನ್ನೇ ಹೇಳಬೇಕು. ಅನಂತರ, ಹಳೆಯ ವ್ಯವಸ್ಥೆಯನ್ನು ಒಡನೆಯೇ ಅಳಿಸದೆ, ಒಂದು ಯಂತ್ರದಲ್ಲಿಯಾದರೂ ಕೆಲಕಾಲ ಉಳಿಸಿಕೊಂಡು, ತನ್ನ ನಿಜವಾದ ಲೆಕ್ಕಗಳಲ್ಲಿ ನಾಲ್ಕಾರನ್ನು ಎರಡು ಕಡೆಯೂ ಮಾಡಿಸಿ ಹೋಲಿಸಬೇಕು. ಹವಾಯಿಯ ಪ್ರಸಂಗ ತಿಳಿದವರು ಇನ್ನೂ ಒಂದು ಪರೀಕ್ಷೆಯನ್ನು ಸೇರಿಸಿಕೊಳ್ಳಬಹುದು. ಮಾಹಿತಿಯ ಫೈಲುಗಳನ್ನು ಬೇರೊಂದು ಫೋಲ್ಡರಿಗೆ ನಕಲು ಮಾಡಿ, ಅವುಗಳ ಕ್ರಮವನ್ನು ಬೇಕೆಂದೇ ಕೆಡಿಸಿ, ಪ್ರೋಗ್ರಾಮನ್ನು ಮತ್ತೆ ನಡೆಸಬೇಕು. ಕ್ರಮಕ್ಕೂ ಉತ್ತರಕ್ಕೂ ಸಂಬಂಧವಿರಬಾರದ ಲೆಕ್ಕದಲ್ಲಿ ಉತ್ತರ ಬದಲಾದರೆ, ಆ ಪ್ರೋಗ್ರಾಮನ್ನು ಮೊದಲ ಸಾಲಿನಿಂದ ಓದಲು ಕುಳಿತುಕೊಳ್ಳಬೇಕು. ಅದು ಲಿನಕ್ಸಿಗೆ ಬರುವುದಕ್ಕೆ ಮೊದಲು ಎಷ್ಟು ವರ್ಷ ಸರಿಯಾಗಿ ನಡೆದಿತ್ತೆಂದು ಯಾರು ಹೇಳಿದರೂ ಸರಿಯೆ.